ಶಾಂಭವಿಯ ಸಹಿ

"ಸರ್, ಇದಕ್ಕ ನಿಮ್ಮ ಸಹಿ ಬೇಕ್ರಿ!"

"ಬ್ಯಾಡ್ರಿ. ನಿಮ್ಮ ಸಹಿ ಸಾಕು."

ಕುರುಗೋಡಿನ ಬ್ಯಾಂಕ್ ಶಾಖೆಗೆ ಹಂಪೇಶ್ ಮ್ಯಾನೇಜರ್ ಆಗಿ ಬಂದ ದಿನ, ಆಫೀಸರ್ ಶಾಂಭವಿಯೊಂದಿಗೆ ಅವನ ಮೊದಲ ಮಾತು ಇದೇ. ಮೂರು ತಿಂಗಳಾದರೂ ಅದು ಬದಲಾಗಲಿಲ್ಲ. ಅವಳು ಕಾಗದ ಒಯ್ಯುವುದು, ಅವನು ನಕ್ಕು ಹಿಂದಿರುಗಿಸುವುದು!

'ಎಂಥಾ ಮನಷ್ಯಾನಪ್ಪ! ನಾಳಿ ಏನರ ಆದ್ರ ಸಿಕ್ಕಿಬೀಳಾಕಿ ನಾನು...'

ಆ ನಗು ನೆನಪಾದರೆ ಅವಳ ಸಿಟ್ಟು ಇಳಿದುಬಿಡುತ್ತಿತ್ತು. ಅದಕ್ಕೂ ಸಿಟ್ಟು!

ಭಯಕ್ಕೆ ಕಾರಣವಿತ್ತು. ಅವಳು ಹಿಂದೆ ಸಿರುಗುಪ್ಪ ಶಾಖೆಯಲ್ಲಿದ್ದಾಗ ಅಲ್ಲಿನ ಮ್ಯಾನೇಜರ್ "ನೀನ ಹಾಕವ್ವ" ಎಂದು ಸಹಿ ಹಾಕಿಸಿ, ಮೇಲಿನವರು ವಿಚಾರಿಸಿದಾಗ "ನನಗ ಗೊತ್ತಿಲ್ಲ" ಎಂದುಬಿಟ್ಟಿದ್ದರು. ಮೆಮೊ ಬಂದಿದ್ದು ಶಾಂಭವಿಗೆ. ಅಂದಿನಿಂದ ಯಾರನ್ನೂ ಕೇಳದೆ ಅವಳು ಪೆನ್ನು ಎತ್ತಿದ್ದೇ ಇಲ್ಲ.

ನವೆಂಬರಿನಲ್ಲಿ ದುರುಗಮ್ಮ ಬಂದಳು. ಬದುಕಿದ್ದೇನೆಂದು ತೋರಿಸಿದರಷ್ಟೇ ಅವಳಿಗೆ ಗಂಡನ ಪಿಂಚಣಿ. ಮೆಣಸಿನಕಾಯಿ ಬಿಡಿಸಿ ಸವೆದ ಅವಳ ಬೆರಳನ್ನು ಯಂತ್ರ ಗುರುತಿಸಲೇ ಇಲ್ಲ. ನಾಲ್ಕು ಬಾರಿ!

"ನಾ ಬದಕೀನೋ ಇಲ್ಲೋ ಅಂತ ಆ ಡಬ್ಬಿನ ಯಾಕ ಕೇಳ್ತಿಯವ್ವ? ನನ್ನ ಕೇಳು!"

ಶಾಂಭವಿ ಅವಳ ಜೀವಿತ ಪ್ರಮಾಣಪತ್ರ ಹಿಡಿದು ಹಂಪೇಶ್‌ನ ಬಳಿ ಓಡಿದಳು. "ಇವತ್ತರ ಸಹಿ ಹಾಕ್ರಿ ಸರ್!"

"ಬೆರಳಚ್ಚು ಬರದಿದ್ರ ಆಫೀಸರ್ ಕಣ್ಣಾರೆ ನೋಡಿ ಸಹಿ ಹಾಕಬಹುದು ಅಂತ ನಿಯಮ ಐತಿ. ನೋಡಿದೋರು ನೀವ ಅಲ್ಲೇನ್ರಿ?" ಎನ್ನುತ್ತಾ ಹಂಪೇಶ್ ಎದ್ದು, ತನ್ನ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದು ದುರುಗಮ್ಮನನ್ನು ಕೂರಿಸಿದ.

ಶಾಂಭವಿ ಕಾಗದ ಹರಿಯುವಂತೆ ಒತ್ತಿ ಸಹಿ ಹಾಕಿದಳು!

ಮರುವಾರ ಬಳ್ಳಾರಿಯ ಮೇಲಧಿಕಾರಿಗಳಿಂದ ಫೋನ್. ಬೆರಳಚ್ಚಿಲ್ಲದೆ ಸಹಿ ಹಾಕಿದವರು ಯಾರು?

"ಹಾಕಿದೋರು ಇಲ್ಲೇ ಅದಾರ್ರಿ ಸರ್. ಅವರ ಹೇಳ್ತಾರ." ಹಂಪೇಶ್ ಫೋನನ್ನು ಅವಳತ್ತ ಚಾಚಿದ.

'ಇವನೂ ಹಂಗ...!' ಕಣ್ಣು ತುಂಬಿತು. ಆದರೂ ಮಾತಾಡಿದಳು.

"ನಾನ್ರಿ ಸರ್. ಅಜ್ಜಿನ್ನ ನೋಡೀನಿ, ಆಧಾರ್ ನೋಡೀನಿ, ನಿಯಮಾನೂ ಓದೀನಿ. ತಪ್ಪಿಲ್ರಿ."

ಧ್ವನಿ ನಡುಗಲಿಲ್ಲ. ಅವಳಿಗೇ ಆಶ್ಚರ್ಯ! "ಸರಿ, ಕಾಗದ ಕಳಿಸ್ರಿ" ಎಂದರು ಅವರು.

ಕಳಿಸಲು ಫೈಲು ತೆರೆದರೆ, ಅವಳ ಸಹಿಯ ಕೆಳಗೆ, ಅದೇ ದಿನದ ತಾರೀಖು ಹಾಕಿ ಹಂಪೇಶ್ ಬರೆದಿದ್ದ: 'ಇವರ ನಿರ್ಧಾರ ಸರಿ. ತಪ್ಪಾದರೆ ಹೊಣೆ ನನ್ನದು.'

"ಇದನ್ನ ಅವತ್ತ ಹೇಳಾಕ ಏನಾಗಿತ್ರಿ ನಿಮಗ?" ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಹೇಳಿದ್ರ ನನ್ನ ಧೈರ್ಯದ ಮ್ಯಾಲ ಸಹಿ ಹಾಕ್ತಿದ್ರಿ. ನಿಮ್ಮ ಧೈರ್ಯ ನಿಮಗ ಕಾಣ್ತಿರಲಿಲ್ಲ." ಅವನು ತಲೆ ತಗ್ಗಿಸಿದ. "ಇನ್ನೊಂದು ಮಾತೂ ಅದಕ್ಕ ಹೇಳಿಲ್ಲ... ಮ್ಯಾನೇಜರ್ ಕೇಳ್ಯಾನ ಅಂತ ಹೆದರಿ ನೀವು ಹೂಂ ಅಂದುಬಿಟ್ರ?"

ಶಾಂಭವಿ ಫೈಲು ಮುಚ್ಚಿದಳು.

"ಈಗ ಹೆದರಿಕಿ ಇಲ್ಲ. ಕೇಳ್ರಿ."

"ನನ್ನ ಮದಿವಿ ಆಗ್ತೀರೇನು?"

"ವಿಚಾರ ಮಾಡಬೇಕ್ರಿ."

ಅವನ ಮುಖ ಸಣ್ಣಗಾಯಿತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳು ನಕ್ಕಳು.

"ಹಂಗ್ಯಾಕ ನೋಡ್ತೀರಿ? ಮಾಡಿದೆ... ಹೂಂ!"