ಟ್ರ್ಯಾಕ್ ಹಾಡುವ ಹುಡುಗಿ

ಸಪ್ಲೈಯರ್ ಕೈಯಿಂದ ಕಾಫಿ ಕಸಿದುಕೊಂಡು, ತಾನೇ ಹೋಗಿ ಮೂಲೆಯ ಮೇಜಿನ ಮೇಲೆ ಕುಕ್ಕಿದಳು ಹರ್ಷಿಣಿ. ಅರ್ಧ ಕಾಫಿ ಡಬರಾಕ್ಕೆ ಬಿತ್ತು, ಇನ್ನರ್ಧ ಸುಕೇಶನ ಬಿಳಿ ಅಂಗಿಗೆ.

"ಲಂಡನ್ನಿಂದ ಯಾವಾಗ ಬಂದದ್ದು?"

"ಈಗ ಬೆಳಿಗ್ಗೆ. ಸೀದಾ ಇಲ್ಲಿಗೇ..."

"ಕಾಫಿ ಕುಡಿದು ಸೀದಾ ವಾಪಸ್ ಹೋಗು."

ಗಲ್ಲಾದಲ್ಲಿ ಕೂತಿದ್ದ ಅಪ್ಪ ಕಾಂತಪ್ಪ ತಲೆ ಎತ್ತಿದರು. ಮೈಲಾಪೂರಿನ ತಮ್ಮ ಹೋಟೆಲಿನಲ್ಲಿ ಗಿರಾಕಿಗೆ ಇಂಥ ಉಪಚಾರ ನಡೆದದ್ದನ್ನು ಅವರು ಕಂಡಿರಲಿಲ್ಲ. ಆದರೆ ಮಗಳ ಮುಖ ನೋಡಿ, ತೆಪ್ಪಗೆ ಪೇಪರ್ ಬಿಡಿಸಿಕೊಂಡರು.

ಹರ್ಷಿಣಿ ಸಿನಿಮಾದವರಿಗೆ ಟ್ರ್ಯಾಕ್ ಹಾಡುತ್ತಿದ್ದಳು. ದೊಡ್ಡ ಗಾಯಕಿಗೆ ಬಿಡುವಾಗುವವರೆಗೆ ಹಾಡನ್ನು ಇವಳ ದನಿಯಲ್ಲಿ ತುಂಬಿಸಿಡುತ್ತಾರೆ. ಆಕೆ ಬಂದು, ಕೇಳಿ ಕಲಿತು, ಹಾಡಿಹೋದ ಮೇಲೆ ಇವಳದ್ದನ್ನು ಅಳಿಸುತ್ತಾರೆ. ಚೆನ್ನೈನ ಸ್ಟುಡಿಯೋಗಳಲ್ಲಿ ಇದು ದಿನನಿತ್ಯದ ಕೆಲಸ.

ಸುಕೇಶ್ ಲಂಡನ್ನಿನಲ್ಲೇ ಹುಟ್ಟಿದವನು. ಅವನಪ್ಪ ಉಡುಪಿಯಿಂದ ಅಲ್ಲಿಗೆ ಅಡುಗೆಗೆ ಹೋದವರು. ಸುಕೇಶ್ ಅಲ್ಲಿನ ಸ್ಟುಡಿಯೋವೊಂದಕ್ಕೆ ಚಹಾ ಹಂಚಲು ಸೇರಿ, ಬೇರೆಯವರ ಹಾಡಿಗೆ ಪಿಟೀಲು ಕೂರಿಸಿಕೊಟ್ಟು, ಕೊನೆಗೆ ತಾನೇ ಪಾಪ್ ಹಾಡು ಬರೆದು ರೆಕಾರ್ಡ್ ತಯಾರಿಸುವವನಾದ. ಒಂದು ಬೇಸಿಗೆಯಲ್ಲಿ ಇಂಗ್ಲೆಂಡಿನ ಹುಡುಗಿಯರೆಲ್ಲ ಅವನ ಹಾಡನ್ನೇ ಗುನುಗಿದರಂತೆ. ಆಮೇಲೆ ಫ್ಯಾಶನ್ ಬದಲಾಯಿತು, ಫೋನ್ ಬರುವುದು ನಿಂತಿತು. ಇನ್ನೊಮ್ಮೆ ಗೆದ್ದೇ ತೀರಬೇಕೆಂದು, ಒಳ್ಳೆಯ ಪಿಟೀಲಿನವರನ್ನು ಹುಡುಕಿಕೊಂಡು ೨೦೦೧ರಲ್ಲಿ ಚೆನ್ನೈಗೆ ಬಂದ. ಪಿಟೀಲಿನವರೂ ಸಿಕ್ಕರು, ಹರ್ಷಿಣಿಯೂ ಸಿಕ್ಕಳು.

ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ಕೂತು ಅವಳಿಗಾಗಿ ಒಂದು ಹಾಡು ಕಟ್ಟಿದ. ಸುಟ್ಟ ಜೋಳ ತಿನ್ನುತ್ತಿದ್ದ ಅವಳ ತುಟಿಯ ಅಂಚಿಗೆ ಖಾರದ ಪುಡಿ ಅಂಟಿತ್ತು. ಹೇಳಲೋ ಬೇಡವೋ ಎಂದು ಅವನು ನೋಡುತ್ತಲೇ ಇದ್ದ.

"ಎಂತ ನೋಡುದು?"

"ಟ್ಯೂನ್ ಯೋಚಿಸ್ತಾ ಇದ್ದೆ."

"ಟ್ಯೂನ್ ನನ್ನ ಮುಖದಲ್ಲಿ ಉಂಟಾ?"

"ಉಂಟು," ಎಂದಿದ್ದ ಅವನು, ನಾಚಿಕೆಯಿಲ್ಲದೆ.

ಆ ಹಾಡನ್ನು ಅವಳಿಂದಲೇ ಹಾಡಿಸಿ, ಟೇಪ್ ಹಿಡಿದು ಲಂಡನ್ನಿಗೆ ಹಾರಿದ. "ಸಿಡಿ ಬರ್ತದೆ ಹರ್ಷಿ, ನಮ್ಮ ಹಾಡು," ಎಂದು ಫೋನ್ ಮಾಡಿದ. ಸಿಡಿ ಬಂತು. ಅಪ್ಪನನ್ನು, ಅಡುಗೆಯವರನ್ನು, ಸಪ್ಲೈಯರ್‌ಗಳನ್ನು ಕೂರಿಸಿಕೊಂಡು ಅವಳು ಹಾಕಿ ಕೇಳಿಸಿದಳು. ರಾಗ ಅದೇ, ಪಿಟೀಲು ಅದೇ. ದನಿ ಮಾತ್ರ ಯಾವಳೋ ಇಂಗ್ಲಿಷಿನವಳದ್ದು. ಎಲ್ಲರೂ ಅವಳ ಮುಖ ನೋಡಲಾರದೆ ಎದ್ದು ಹೋದರು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

"ರೆಕಾರ್ಡ್ ಕಂಪನಿಯವರಿಗೆ ಹೆಸರಿದ್ದ ಸಿಂಗರೇ ಬೇಕಿತ್ತು," ಎಂದ ಸುಕೇಶ್, ಕಾಫಿ ಲೋಟ ಬದಿಗೆ ಸರಿಸಿ.

"ಆಗ ನೀನು ಎಂತ ಹೇಳಿದೆ?"

ಅವನು ಅಂಗಿಯ ಕಲೆಯನ್ನು ಉಜ್ಜುತ್ತ ಕೂತ. "ಏನೂ ಹೇಳ್ಲಿಲ್ಲ. ಅಳಿಸುದೆಲ್ಲ ಅಭ್ಯಾಸ ಆಗಿದೆ ಅಂತ ನೀನೇ ಹೇಳಿದ್ದಲ್ವಾ? ಅರ್ಥ ಮಾಡ್ಕೊಳ್ತೀ ಅಂತ ಗ್ರಹಿಸಿದೆ."

ಹರ್ಷಿಣಿಗೆ ಸಿಟ್ಟು ನೆತ್ತಿಗೇರಿತು.

"ಹೌದು, ಅಭ್ಯಾಸ! ಸಿನಿಮಾದವರಿಗೆ ಹಾಡಿದ್ದು ಟ್ರ್ಯಾಕ್. ನಿನಗೆ ಹಾಡಿದ್ದು ಟ್ರ್ಯಾಕ್ ಅಲ್ಲ ಮಾರಾಯ! ಅಷ್ಟು ದೊಡ್ಡ ಪ್ರೊಡ್ಯೂಸರ್, ಅಷ್ಟೂ ಕೇಳಿಸ್ಲಿಲ್ವಾ ನಿಂಗೆ?"

"ಹೆದರಿದೆ ಹರ್ಷಿ. ಇದೂ ಕೈತಪ್ಪಿದ್ರೆ ಇನ್ನು ಯಾರೂ ಕರೀತಿರ್ಲಿಲ್ಲ. ಸಾರಿ."

"ಸಾರಿಯಂತೆ! ಏಳು, ಬಾ ನನ್ನ ಜೊತೆ."

ಆಟೋದಲ್ಲಿ ಇಬ್ಬರ ನಡುವೆ ಬ್ಯಾಗ್ ಇಟ್ಟುಕೊಂಡು, ವಡಪಳನಿಯವರೆಗೂ ಅವಳು ರಸ್ತೆಯನ್ನೇ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದದ್ದು ಗೊತ್ತಿತ್ತು. ಗೊತ್ತಾದಷ್ಟೂ ಸಿಟ್ಟು ಹೆಚ್ಚಿತು. ಇಷ್ಟಾದ ಮೇಲೂ ಆ ನೋಟ ಹಿತವಾಗುತ್ತದಲ್ಲ ಎಂದು ತನ್ನ ಮೇಲೂ ಕೋಪ ಬಂತು.

ಅವಳು ದಿನವೂ ಹಾಡುವ ಸ್ಟುಡಿಯೋದಲ್ಲಿ ಪಿಟೀಲಿನವರು ಟಿಫಿನ್ ಮಾಡುತ್ತಿದ್ದರು. ಸೌಂಡ್ ಇಂಜಿನಿಯರ್ ಶಂಕರನಾರಾಯಣ ಅವಳ ಹಳೆಯ ಗೆಳೆಯ. ಅವನಿಗೆ ರೆಕಾರ್ಡ್ ಮಾಡಲು ಹೇಳಿ, ಸುಕೇಶನನ್ನು ಮೈಕಿನ ಕೋಣೆಗೆ ನೂಕಿದಳು.

"ಹಾಡು."

"ನಾನಾ? ನಂಗೆ ಹಾಡ್ಲಿಕ್ಕೆ ಬರುದಿಲ್ಲ, ನಿಂಗೆ ಗೊತ್ತುಂಟು!"

"ಮನಸ್ಸಿನಲ್ಲಿ ಇರುದನ್ನು ಹಾಡು. ಕನ್ನಡದಲ್ಲಿ."

ಗಾಜಿನಾಚೆ ಅವನ ಕಿವಿ ಕೆಂಪಗಾಯಿತು. ಕಣ್ಣು ಮುಚ್ಚಿ ಶುರುಮಾಡಿದ. ಶ್ರುತಿ ಒಂದು ಕಡೆ, ದನಿ ಒಂದು ಕಡೆ. ಹೆದರಿ ನಿನ್ನನ್ನು ಬಿಟ್ಟುಕೊಟ್ಟೆ ಎಂದ. ಆ ಸಿಡಿಯನ್ನು ಒಮ್ಮೆಯೂ ಪೂರ್ತಿ ಕೇಳಲಾಗಲಿಲ್ಲ ಎಂದ. ಕಿವಿಯಲ್ಲಿ ನೀನೇ ಹಾಡುತ್ತೀ, ನೀನಿಲ್ಲದೆ ನನಗೆ ಬದುಕಲು ಬರುವುದಿಲ್ಲ ಹರ್ಷಿ ಎಂದ. ಪಿಟೀಲಿನವರು ಕೈಯಲ್ಲಿದ್ದ ಇಡ್ಲಿ ಮರೆತು ಕೇಳಿದರು.

"ಅಳಿಚ್ಚಿಡವಾ ಮಾ?" ಅಳಿಸಿಬಿಡಲಾ ಎಂದು ಶಂಕರನಾರಾಯಣ ತಮಿಳಿನಲ್ಲಿ ತಮಾಷೆಗೆ ಕೇಳಿದ.

"ಹೌದು, ಅಳಿಸು."

ಅವನು ಅವಳ ಮುಖ ನೋಡಿದ, ತಮಾಷೆಯಲ್ಲ ಎಂದು ತಿಳಿದು ಅಳಿಸಿದ.

ಸುಕೇಶ್ ಆಸೆಯಿಂದ ಹೊರಗೆ ಬಂದ. "ಒಮ್ಮೆ ಹಾಕಿ, ಕೇಳುವ."

"ಇಲ್ಲ. ಅಳಿಸಿ ಆಯ್ತು," ಎಂದಳು ಹರ್ಷಿಣಿ.

"ಪೂರ್ತಿ?"

"ಪೂರ್ತಿ."

ಅವನ ಮುಖ ಸಪ್ಪಗಾಯಿತು. ಕಣ್ಣು ತುಂಬಿಕೊಂಡಿತು.

"ಅಳಿಸಿದಾಗ ಪ್ರತಿ ಸಲ ಹೀಗೇ ಆಗ್ತದಾ ನಿಂಗೆ?" ಎಂದು ಕೇಳಿದ.

"ಇಲ್ಲ. ನಿನ್ನ ಹಾಡಿನಲ್ಲಿ ಮಾತ್ರ."

ಸುಕೇಶ್ ತಲೆ ತಗ್ಗಿಸಿದ. "ನಿನ್ನ ಟೇಪ್ ನನ್ನ ಹತ್ರ ಉಂಟು. ಕಂಪನಿ ಹಾಳಾಗಿ ಹೋಗ್ಲಿ. ಬೀದಿಯಲ್ಲಿ ನಿಂತು ಮಾರಿದ್ರೂ ಸರಿ, ನಿನ್ನ ದನಿಯಲ್ಲೇ..."

"ಅದು ಆಮೇಲಿನ ಮಾತು," ಎಂದು ತಡೆದಳು ಅವಳು. "ಈಗ ಒಳಗೆ ಹಾಡಿದ್ದನ್ನು ಇನ್ನೊಮ್ಮೆ ಹೇಳು. ಮೈಕ್ ಬೇಡ. ನನ್ನ ಮುಖ ನೋಡಿ ಹೇಳು."

ಸುಕೇಶ್ ಹೇಳಿದ. ಪಿಟೀಲಿನವರ ಎದುರೇ, ತಡವರಿಸುತ್ತ, ಒಂದು ಮಾತೂ ಬಿಡದೆ ಹೇಳಿದ. ಹರ್ಷಿಣಿ ಸಿಟ್ಟಿನಲ್ಲೇ ಅವನ ಕೈ ಹಿಡಿದುಕೊಂಡಳು.