ಮಂಗಳವಾರ ಒಣಗಿದ ಜರೀಗಿಡಗಳು

"ಇವತ್ತು ಸಂಜೆಯೊಳಗೆ ನನ್ ಸೊಸೆ ಸ್ಟೇಷನ್‌ಗೆ ಹೋಗ್ತಾಳೆ ಕಣವ್ವ. ಹೋದ್ರೆ ನನ್ ಮಗನ ಕೆಲಸ ಹೋದಂಗೇ," ಎಂದು ಸಾಸಲಿನ ಲಕ್ಕಮ್ಮ ಕುರ್ಚಿಯ ತುದಿಯಲ್ಲಿ ಕುಳಿತು ಅತ್ತುಬಿಟ್ಟಳು.

ದೊಡ್ಡಬಳ್ಳಾಪುರದ ಟೈಲರ್ ಅಂಗಡಿಯ ಮೇಲಿದ್ದ ಪ್ರಮೋದಾಳ ಪತ್ತೇದಾರಿ ಕಚೇರಿಗೆ ಹೆಚ್ಚಾಗಿ ಬರುತ್ತಿದ್ದವರು ಮದುವೆಗೆ ಮುಂಚೆ ಗಂಡಿನ ಗುಣ ವಿಚಾರಿಸುವವರು. ಗಿಡ ಸತ್ತಿದೆಯೆಂದು ಬಂದವಳು ಇವಳೇ ಮೊದಲು. ಸಹಾಯಕಿ ಅರ್ಪಿತಳಿಗೆ ನಗು ಬರುವುದರಲ್ಲಿತ್ತು, ವಿಷಯ ಕೇಳಿದ ಮೇಲೆ ಅದು ಗಂಟಲಲ್ಲೇ ಇಂಗಿತು. ಲಕ್ಕಮ್ಮನ ಕಿರಿಯ ಮಗ ಅಮರ್ ಕಾನ್‌ಸ್ಟೇಬಲ್ ಕೆಲಸಕ್ಕೆ ಆಯ್ಕೆಯಾಗಿದ್ದ. ಪೊಲೀಸರು ಮನೆಗೆ ಬಂದು ಅವನ ನಡತೆ ವಿಚಾರಿಸುವುದೊಂದು ಬಾಕಿ. ಅಷ್ಟರಲ್ಲಿ ಹಿರಿಯ ಸೊಸೆ ನವ್ಯಶ್ರೀ ಸಾಕಿದ್ದ ಜರೀಗಿಡಗಳು ಒಣಗತೊಡಗಿದ್ದವು. ಮೈದುನನೇ ವಿಷ ಹಾಕಿದ್ದಾನೆಂದು ಅವಳು ದೂರು ಬರೆದಿಟ್ಟುಕೊಂಡಿದ್ದಳು.

"ಅವ್ನು ವಿಷ ಹಾಕೋ ಅಂಥೋನಲ್ಲ. ಯಾರ ಕಣ್ಣು ಬಿತ್ತೋ ಏನೋ," ಎಂದಳು ಲಕ್ಕಮ್ಮ.

ಇಬ್ಬರೂ ಅವಳ ಜೊತೆಗೇ ಸಾಸಲಿಗೆ ಹೋದರು. ಮನೆಯ ಹಿಂದೆ ಹೊಂಗೆಮರದಡಿ ಹಸಿರು ಬಲೆಯ ಚಪ್ಪರ, ಅದರೊಳಗೆ ಇನ್ನೂರು ಕುಂಡ. ಕೂದಲಿನಷ್ಟು ತೆಳುವಾದ ಕಪ್ಪು ಕಡ್ಡಿಗಳಲ್ಲಿ ಉಗುರಗಲದ ಎಲೆಗಳು, ಎಲ್ಲವೂ ಅಂಚಿನಿಂದ ಒಳಕ್ಕೆ ಕಂದಿಹೋಗಿದ್ದವು. ಅರ್ಪಿತಳಿಗೆ ನಿಜಕ್ಕೂ ಸಂಕಟವಾಯಿತು.

"ಮೇಡನ್‌ಹೇರ್ ಫರ್ನ್ ಮೇಡಂ," ಎಂದಳು ನವ್ಯಶ್ರೀ. "ಬಿಸಿಲು ತಾಕಬಾರದು, ಬೇರು ಒಣಗಬಾರದು, ನೀರೂ ನಿಲ್ಲಬಾರದು. ಬೋರ್‌ವೆಲ್ ನೀರು ಗಡಸು ಅಂತ ಆ ಡ್ರಮ್ಮಲ್ಲಿ ಮಳೆನೀರು ಹಿಡಿದು ಅದನ್ನೇ ಹಾಕ್ತೀನಿ. ಎಲೆ ಹಿಂದಿನ ಪುಡಿಯಿಂದ ಸಸಿ ಎಬ್ಬಿಸೋಕೇ ಒಂದು ವರ್ಷ ಹಿಡೀತು."

ಅವಳು ದಿನವೂ ಫೋಟೊ ತೆಗೆದಿಟ್ಟಿದ್ದಳು. ಮೂರು ವಾರ, ಮೂರು ಸಲವೂ ಬುಧವಾರದಿಂದ ಹೊಸದಾಗಿ ಕಂದಿತ್ತು. "ಮಂಗಳವಾರ ನಾನು ಬೆಂಗಳೂರಿಗೆ ಗಿಡ ಕೊಡೋಕೆ ಹೋಗ್ತೀನಿ. ಅತ್ತೆ ಬಿಟ್ರೆ ಮನೇಲಿರೋನು ಇವನೊಬ್ಬನೇ."

ಅಮರ್ ತಾನಾಗಿಯೇ ಕಳೆನಾಶಕದ ಕ್ಯಾನ್ ತಂದಿಟ್ಟ. "ಬೇಲಿ ಪಕ್ಕ ಒಂದೇ ಒಂದು ಸಲ ಹೊಡೆದೆ ಮೇಡಂ. ಅದಕ್ಕೇ ಕಳ್ಳ ಆಗ್ಬಿಟ್ಟೆ."

ಬೇಲಿಗೂ ಚಪ್ಪರಕ್ಕೂ ನಡುವೆ ಅವರೆಬಳ್ಳಿ ಹಸಿರಾಗಿ ಹಬ್ಬಿತ್ತು. ಅದರಾಚೆ ಕಟ್ಟಿದ್ದ ಕರು ಎದುರಿನ ಹಸಿಹುಲ್ಲು ಬಿಟ್ಟು, ಗಿಡ ಸತ್ತು ಎಸೆದಿದ್ದ ಮಣ್ಣಿನ ಕುಂಡಗಳ ಮೈ ನೆಕ್ಕುತ್ತಿತ್ತು. ಅರ್ಪಿತ ನಕ್ಕಳು, ಪ್ರಮೋದಾ ನಗಲಿಲ್ಲ. ತಟ್ಟೆಯೊಂದನ್ನು ಕೇಳಿ ಪಡೆದು, ಡ್ರಮ್ಮಿನ ನೀರನ್ನು ಅದಕ್ಕೆ ತೆಳುವಾಗಿ ಸುರಿದು ಬಿಸಿಲಿಗಿಟ್ಟಳು. ಆಮೇಲೆ ನೆಂಟರ ಮನೆಗೆ ಬಂದವಳ ಹಾಗೆ ಮಜ್ಜಿಗೆ ಕೇಳಿದಳು.

"ಉಪ್ಪು ಕಮ್ಮಿಯಾಗಿರತ್ತೆ," ಎಂದಳು ನವ್ಯಶ್ರೀ, ಲೋಟ ಕೊಡುತ್ತಾ. "ಮೊನ್ನೆ ತಂದ ಕಲ್ಲುಪ್ಪು ಆಗಲೇ ಖಾಲಿ."

ಮೂರು ಗಂಟೆಗೆ ಪ್ರಮೋದಾ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದಳು.

"ಕಳೆನಾಶಕ ಗಾಳಿಗೆ ತೂರಿ ಬಂದಿದ್ರೆ ಮೊದಲು ಸಾಯ್ತಿದ್ದದ್ದು ಅವರೆಬಳ್ಳಿ. ಅದಕ್ಕೇನೂ ಆಗಿಲ್ಲ. ಅಂದ್ರೆ ತೊಂದರೆ ಬಂದಿದ್ದು ನೀವು ಹಾಕೋ ನೀರಿನಿಂದ. ಕರು ಹುಲ್ಲು ಬಿಟ್ಟು ಮಣ್ಣಿನ ಕುಂಡ ನೆಕ್ಕೋದು ಒಂದೇ ರುಚಿಗೆ." ಅವಳು ತಟ್ಟೆ ಮುಂದಿಟ್ಟಳು. ನೀರು ಆರಿ, ತಳದಲ್ಲಿ ಬಿಳಿ ಹರಳು ಕೂತಿತ್ತು. "ಮಳೆನೀರು ಹೀಗೆ ಹರಳು ಬಿಡಲ್ಲ. ಇದು ಉಪ್ಪು. ಅಡುಗೆಮನೇಲಿ ಖಾಲಿಯಾದ ಉಪ್ಪು. ಇನ್ನು ಮಂಗಳವಾರ ಉಪ್ಪು ಹಿಡಿದು ಮಾಡೋ ಕೆಲಸ ಯಾವುದು ಅಂತ ಈ ಸೀಮೇಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಲಕ್ಕಮ್ಮನೋರೇ, ದೃಷ್ಟಿ ತೆಗೆದ ಉಪ್ಪು ಎಲ್ಲಿ ಹಾಕಿದ್ರಿ?"

"ನೀರಿಗೆ ಕಣವ್ವ," ಎಂದಳು ಲಕ್ಕಮ್ಮ, ಇನ್ನೂ ಅರ್ಥವಾಗದೆ. "ಉಪ್ಪು ಕರಗಿದಂಗೆ ಕಣ್ಣು ಕರಗಬೇಕಲ್ಲ. ಡ್ರಮ್ಮು ಹತ್ರದಲ್ಲೇ ಇತ್ತು. ಆದ್ರೂ ಎಲೆ ಒಣಗ್ತು. ಕಣ್ಣು ಜೋರಾಗೇ ಅದೆ ಅಂತ ಮುಂದಿನ್ವಾರ ಎರಡು ಬೊಗಸೆ, ಆಮೇಲೆ ಮೂರು..." ಅಲ್ಲಿಗೆ ಅವಳಿಗೇ ಹೊಳೆಯಿತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ನಗ್ತಿದ್ದೆ."

ನವ್ಯಶ್ರೀ ದೂರಿನ ಕಾಗದವನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದಳು. "ತಪ್ಪಾಯ್ತು ಅಮರ್," ಎಂದಳು. ಬೇರು ಇನ್ನೂ ಜೀವಂತ ಇರಬಹುದು, ಒಣಗಿದ್ದನ್ನು ಕತ್ತರಿಸಿ ಸಿಹಿನೀರಿನಲ್ಲಿ ಮಣ್ಣು ತೊಳೆದು ನೋಡಿ ಎಂದು ಪ್ರಮೋದಾ ಹೇಳಿದಳು. ಕೆಲಸ ಉಳಿಯಿತಲ್ಲ ಎಂದು ಅರ್ಪಿತ ನಿರಾಳವಾಗಿ ಅಮರ್‌ನ ಕಡೆ ನೋಡಿದಳು. ಅವನ ಮುಖದಲ್ಲಿ ಆ ನಿರಾಳವಿರಲಿಲ್ಲ.

"ಅಮ್ಮ, ಮೊದಲನೇ ಸಲ ಗಿಡ ಚೆನ್ನಾಗೇ ಇತ್ತಲ್ಲ," ಎಂದ. "ಆಗ ಯಾಕೆ ದೃಷ್ಟಿ ತೆಗೆದೆ?"

ಲಕ್ಕಮ್ಮ ನೆಲ ನೋಡಿದಳು. "ಹಿಂದಿನ ದಿನ ನೀನು ಚಪ್ಪರದಲ್ಲಿ ನಿಂತ್ಕೊಂಡು, ಎಷ್ಟ್ ಚೆನ್ನಾಗವೆ ಅತ್ತಿಗೆ ಅಂದ್ಯಲ್ಲ."

"ಹಂಗಾದ್ರೆ ಮೂರು ಸಲವೂ ಇಳಿಸಿದ್ದು ನನ್ನ ಕಣ್ಣನ್ನ."

ಲಕ್ಕಮ್ಮ ಇಲ್ಲ ಅನ್ನಲಿ ಎಂದು ಅರ್ಪಿತ ಮನಸ್ಸಿನಲ್ಲೇ ಬೇಡಿಕೊಂಡಳು.

"ಅತ್ತಿಗೆ ಹೊರಗಿನಿಂದ ಬಂದೋರು, ಅನುಮಾನ ಪಟ್ರು," ಎಂದ ಅಮರ್, ದನಿ ಏರಿಸದೆ. "ನಾಳೆ ಪೊಲೀಸರು ಬಂದು, ನಿಮ್ಮ ಮಗ ಎಂಥೋನಮ್ಮ ಅಂತ ನಿನ್ನ ಕೇಳ್ತಾರೆ. ಏನ್ ಹೇಳ್ತೀಯ?"

ಪ್ರಮೋದಾ ಅರ್ಪಿತಳ ಕೈಹಿಡಿದು ಎಬ್ಬಿಸಿದಳು. ಅವರು ಬಾಗಿಲು ದಾಟುವಾಗ ಲಕ್ಕಮ್ಮ ತಟ್ಟೆಯ ತಳದ ಉಪ್ಪನ್ನು ಸೆರಗಿನಿಂದ ಒರೆಸುತ್ತಿದ್ದಳು.