ಬ್ಯೂಟಿ ಮೋಡ್‌ನಲ್ಲಿ ಮಾಯವಾದ ಮಚ್ಚೆ

"ಮಚ್ಚೆ ಎಲ್ಲಿದೆಯಮ್ಮಾ?" ಅಹಮದಾಬಾದಿನ ಮಣಿನಗರದಿಂದ ಚರ್ಮವೈದ್ಯೆ ಡಾ. ಹೇಮಲತಾ ವಿಡಿಯೋ ಕಾಲ್‌ನಲ್ಲಿ ಕೇಳಿದರು. "ಫೋಟೋದಲ್ಲಿ ಬೆನ್ನು ಬೆಣ್ಣೆ ಥರ ಇದೆ. ಬ್ಯೂಟಿ ಮೋಡ್ ಆನ್ ಆಗಿತ್ತಾ?"

ಸೂರತ್ತಿನ ಅಡಾಜಣ್‌ನ ತನ್ನ ಫ್ಲ್ಯಾಟಿನಲ್ಲಿ ಕೂತಿದ್ದ ಮನಸ್ವಿನಿ ಪಕ್ಕಕ್ಕೆ ತಿರುಗಿದಳು. ಫೋಟೋ ತೆಗೆದಿದ್ದ ಎದುರು ಫ್ಲ್ಯಾಟಿನ ಸುಮುಖ್ ಕಿವಿಯವರೆಗೂ ಕೆಂಪಾಗಿದ್ದ.

"ಅವ್ವ ಹುಡುಗಿ ಮನಿಗೆ ಕಳಸಾಕ ನನ್ನ ಫೋಟೋ ಕೇಳಿದ್ಲು ರೀ. ಆಮ್ಯಾಲ ಆಫ್ ಮಾಡೋದು ಮರ್ತೆ."

ಹುಡುಗಿ ಮನೆ! ಮನಸ್ವಿನಿಗೆ ಮಚ್ಚೆಯ ಭಯಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಹೆಗಲ ಹಿಂದಿನ ಆ ಮಚ್ಚೆ ಬೆಳೆದದ್ದನ್ನು ಮೊದಲು ಕಂಡವನೂ ಅವನೇ. ನವರಾತ್ರಿಯ ಗರ್ಬಾ ಕುಣಿತದಲ್ಲಿ ಅವಳು ಬೆನ್ನಿಗೆ ದಾರ ಕಟ್ಟುವ ಚೋಲಿ ಹಾಕಿದ್ದಾಗ, "ಹ್ವಾದ ವರ್ಷ ಇದು ಇಷ್ಟ್ ದೊಡ್ಡದಿರಲಿಲ್ರಿ" ಎಂದಿದ್ದ. "ಹೋದ ವರ್ಷವೂ ನೋಡಿದ್ರಾ?" ಎಂದು ಇವಳು ಕೆಣಕಿದ್ದೇ ತಡ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಅವನ ದಾಂಡಿಯಾ ಕೋಲು ಕೈಜಾರಿ ಬಿದ್ದಿತ್ತು.

ಈಗ ಕಿಟಕಿಯ ಬೆಳಕಿನಲ್ಲಿ, ಮಚ್ಚೆಯ ಪಕ್ಕ ಸ್ಕೇಲ್ ಹಿಡಿದು, ಅವನು ಮತ್ತೆ ಫೋಟೋ ತೆಗೆದ.

"ಅಲುಗಾಡಬ್ಯಾಡ್ರಿ."

"ಅಲುಗಾಡ್ತಿರೋದು ನಿಮ್ಮ ಫೋನು."

ಕಳಿಸಿದ ಹೊಸ ಫೋಟೋವನ್ನು ವೈದ್ಯೆ ದೊಡ್ಡದು ಮಾಡಿ ನೋಡಿದರು. "ಬಣ್ಣ ಒಂದೇ ಥರ ಇಲ್ಲ, ಅಂಚೂ ಸಮ ಇಲ್ಲ. ಬರೀ ಫೋಟೋ ನೋಡಿ ಏನೂ ಇಲ್ಲ ಅಂತ ನಾನು ಹೇಳಲಾರೆ. ವಡೋದರಾದಲ್ಲಿ ನನ್ನ ಗೆಳತಿ ಸರ್ಜನ್. ತೆಗೆಸಿ ಬಯಾಪ್ಸಿಗೆ ಕಳಿಸೋಣ. ತಡ ಮಾಡಬೇಡಿ."

ಕರೆ ಮುಗಿಯಿತು. ಕ್ಯಾನ್ಸರ್ ಎಂಬ ಪದವನ್ನು ಯಾರೂ ಆಡಲಿಲ್ಲ, ಆದರೂ ಮನಸ್ವಿನಿಗೆ ಅದೇ ಕೇಳಿಸಿತು. ಅವಳು ದುಪಟ್ಟಾವನ್ನು ಹೆಗಲ ತುಂಬಾ ಹೊದ್ದುಕೊಂಡಳು.

"ನೀವು ಹುಡುಗಿ ನೋಡೋಕೆ ಹೋಗಿ. ನಾನೊಬ್ಬಳೇ ಹೋಗಿಬರ್ತೀನಿ."

"ಆ ಫೋಟೋ ನಾ ಕಳಸಲೇ ಇಲ್ಲ," ಎಂದ ಸುಮುಖ್. "ನನಗ ನೀವು ಬೇಕ್ರಿ. ಮದುವಿ ಆಗ್ತೀರೇನು?"

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. "ಇದನ್ನ ಇವತ್ತೇ ಕೇಳ್ಬೇಕಿತ್ತಾ? ರಿಪೋರ್ಟ್ ಬರಲಿ, ಆಮೇಲೆ ಕೇಳಿ."

"ರಿಪೋರ್ಟ್ ಚಲೋ ಬಂದ ಮ್ಯಾಲ ಕೇಳಿದ್ರ, ಕೆಟ್ಟದು ಬಂದಿದ್ರ ಇವ ಕೇಳ್ತಿದ್ನೋ ಇಲ್ಲೋ ಅಂತ ನಿಮಗ ಜೀವನಪೂರ್ತಿ ಅನುಮಾನ ಉಳೀತದ. ಅದಕ್ಕ ಈಗ ಕೇಳಾಕತ್ತೇನಿ."

ಮನಸ್ವಿನಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಸ್ಕೇಲ್ ಹಿಡಿದೇ ನಿಂತಿದ್ದ. ಅವಳೇ ಅದನ್ನು ಕಿತ್ತಿಟ್ಟು, ಅವನ ಅಂಗೈಯೊಳಗೆ ತನ್ನ ಕೈ ಇಟ್ಟಳು.

"ಹೂಂ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ವಡೋದರಾಕ್ಕೆ ಎರಡು ಟಿಕೆಟ್ ಬುಕ್ ಮಾಡಿ. ಕಿಟಕಿ ಸೀಟು ನನಗೆ."